ಮೂಗಯ್ಯ ತುಂಬಿಸಿದ ಕಾಲಂ

ಮೈಸೂರಿನ ಕೆಸರೆಯಲ್ಲಿ ಯಾರ ಮನೆಗೆ ಅರ್ಜಿ ಬಂದರೂ ಅದು ಮೊದಲು ಮೂಗಯ್ಯನ ಜಗುಲಿಗೆ ಬರುತ್ತಿತ್ತು. ರೇಷನ್ ಕಾರ್ಡಿನದಿರಲಿ, ವಿಧವಾ ವೇತನದ್ದಿರಲಿ, ಹಾಸ್ಟೆಲಿನದಿರಲಿ, ಮೂಗಯ್ಯ ಅದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ಯಾವ ಕಾಗದ ಯಾವ ಕಚೇರಿಯಲ್ಲಿ ಸಿಗುತ್ತದೆ, ಯಾರ ಸಹಿ ಹಸಿರು ಇಂಕಿನಲ್ಲಿರಬೇಕು, ಯಾವ ಗುಮಾಸ್ತ ಊಟಕ್ಕೆ ಎದ್ದರೆ ಮೂರು ಗಂಟೆಯವರೆಗೆ ಸೀಟಿಗೆ ಬರುವುದಿಲ್ಲ ಎಂಬುದೆಲ್ಲ ಅವನಿಗೆ ಬಾಯಿಪಾಠ. ಹಾಗೆಂದು ಅವನು ವಕೀಲನೂ ಅಲ್ಲ, ಮೇಷ್ಟ್ರೂ ಅಲ್ಲ. ದೇವರಾಜ ಮೊಹಲ್ಲಾದ ಬೀದಿಗಳನ್ನು ಗುಡಿಸುವ ಪೌರಕಾರ್ಮಿಕ. ಓದಿದ್ದು ಮೂರನೆಯ ಕ್ಲಾಸು. ತನ್ನ ಹೆಸರು ಬರೆದು ಮುಗಿಸುವಷ್ಟರಲ್ಲಿ ಹಣೆ ಬೆವರುತ್ತಿತ್ತು. ಆದರೂ ಅರ್ಜಿ ಹಿಡಿದು ಬಂದವರಿಗೆಲ್ಲ ಅವನು ಹೇಳುತ್ತಿದ್ದ ಬುದ್ಧಿಮಾತು ಒಂದೇ: "ಯಾವ ಕಾಲಮ್ಮೂ ಖಾಲಿ ಬುಡಬ್ಯಾಡ್ರಪ್ಪ. ಖಾಲಿ ಬುಟ್ರೆ ಅಲ್ಲೇ ಎತ್ತಿ ಪಕ್ಕಕ್ಕೆ ಮಡಗ್ತಾರೆ."

ಈ ವಿದ್ಯೆ ಅವನಿಗೆ ಬಂದದ್ದು ಮಗಳಿಂದ. ಅವಳಿಗೆ ಸಂಘಮಿತ್ರ ಎಂದು ಹೆಸರಿಟ್ಟವನು ಅವನೇ. ಎಂಬತ್ತರ ಇಸವಿಯಲ್ಲಿ ಮಗು ಹುಟ್ಟಿದಾಗ ಬೌದ್ಧ ಭಂತೆಯೊಬ್ಬರ ಬಾಯಲ್ಲಿ ಕೇಳಿ ಇಟ್ಟ ಹೆಸರು. ಹೆಂಡತಿ ಬೋರಮ್ಮನಿಗೆ ಅದನ್ನು ನೆಟ್ಟಗೆ ಹೇಳಲು ಬರಲು ಆರು ತಿಂಗಳು ಹಿಡಿಯಿತು. ಆ ಮಗುವಿನ ಕೈ ಕಸ ಮುಟ್ಟಕೂಡದು ಎಂದು ಮೂಗಯ್ಯ ಅಂದೇ ತೀರ್ಮಾನಿಸಿಬಿಟ್ಟ. ಅವನ ತಾತ, ಅಪ್ಪ ಇಬ್ಬರೂ ತಲೆಯ ಮೇಲೆ ಮಲ ಹೊತ್ತವರು. ಇವನು ಬೀದಿ ಗುಡಿಸುವವನು. ಇಲ್ಲಿಗೆ ಸಾಕು ಎಂಬುದು ಅವನ ಲೆಕ್ಕಾಚಾರ. ಬೆಳಗ್ಗೆ ಐದೂವರೆಗೆ ಸೈಕಲ್ ಹತ್ತಿ ಹೋದವನು ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ಬಾಳೆದಿಂಡು, ಬಾಡಿದ ಸೇವಂತಿಗೆ, ಕೊಳೆತ ವೀಳ್ಯದೆಲೆಗಳನ್ನೆಲ್ಲ ಬಳಿದು ಗಾಡಿಗೆ ತುಂಬುತ್ತಿದ್ದ. ಕೆಲಸ ಮುಗಿದ ಮೇಲೆ ನೀರಿನ ತೊಟ್ಟಿಯ ಹತ್ತಿರ ನಿಂತು ಮೈ ಉಜ್ಜಿ ತೊಳೆದು, ಖಾಕಿ ಬಿಚ್ಚಿ, ಟೆರಿಕಾಟ್ ಷರಟು ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ ಮೇಲೆಯೇ ಕೆಸರೆಯ ದಾರಿ ಹಿಡಿಯುತ್ತಿದ್ದದ್ದು. ಪೊರಕೆಯನ್ನಾಗಲಿ ಖಾಕಿಯನ್ನಾಗಲಿ ಒಂದು ದಿನವೂ ಮನೆಯೊಳಕ್ಕೆ ತಂದವನಲ್ಲ. ಮನೆಯಲ್ಲೂ ಮಗಳ ಕೈಗೆ ಪೊರಕೆ ಕೊಡಲು ಬಿಡುತ್ತಿರಲಿಲ್ಲ. ಕೊಟ್ಟರೆ ಬೋರಮ್ಮನ ಮೇಲೆ ರೇಗುತ್ತಿದ್ದ.

ಹಾಗಾಗಿ ಅಪ್ಪ ಏನು ಕೆಲಸ ಮಾಡುತ್ತಾನೆಂಬುದು ಮಗಳಿಗೆ ಸರಿಯಾಗಿ ಗೊತ್ತಾದದ್ದು ಒಂದು ಅರ್ಜಿಯಿಂದ. ತೊಂಬತ್ತನೆಯ ಇಸವಿ, ಐದನೆಯ ಕ್ಲಾಸು. ಶಾಲೆಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಕೊಟ್ಟಿದ್ದರು. ಅನೈರ್ಮಲ್ಯ ವೃತ್ತಿಯಲ್ಲಿ ತೊಡಗಿರುವವರ ಮಕ್ಕಳಿಗೆ ಎಂದು ಮೇಲೆ ದಪ್ಪ ಅಕ್ಷರದಲ್ಲಿತ್ತು. ಹುಡುಗಿ ಅದನ್ನು ಜಗುಲಿಯ ಮೇಲೆ ಕೂತು ಗಟ್ಟಿಯಾಗಿ ಓದಿ, "ಅಪ್ಪ, ಅನೈರ್ಮಲ್ಯ ಅಂದ್ರೇನು?" ಎಂದಳು. ಮೂಗಯ್ಯ ಎದುರುಮನೆಯ ಕಡೆ ಒಂದು ಸಲ ನೋಡಿದ. ಆಮೇಲೆ, "ನಿಂಗೆ ಪುಸ್ತಕ ಕೊಡ್ಸೋದು ಕಣವ್ವ" ಎಂದ. ಅದಕ್ಕಿಂತ ಒಳ್ಳೆಯ ಅರ್ಥವನ್ನು ಯಾವ ನಿಘಂಟೂ ಕೊಡಲಾರದು, ಅಷ್ಟೇ ಸುಳ್ಳು ಅರ್ಥವನ್ನೂ.

ಅಲ್ಲಿಂದ ಪ್ರತಿ ವರ್ಷ ಜೂನ್ ತಿಂಗಳು ಬಂತೆಂದರೆ ಮೂಗಯ್ಯ ನಗರಪಾಲಿಕೆಯ ಹೆಲ್ತ್ ಇನ್ಸ್‌ಪೆಕ್ಟರ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ. ತಾನು ಕೊಳಕು ಕೆಲಸ ಮಾಡುವವನು ಎಂದು ಬರೆಸಿ, ಸೀಲು ಹಾಕಿಸಿಕೊಂಡು, ಮಡಿಚಿ, ಒಳಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ಮೊದಮೊದಲು ಆ ಕಾಗದ ಎದೆಯ ಮೇಲೆ ಸುಡುತ್ತಿತ್ತು. ಆದರೆ ಅದು ತೆರೆಯುವ ಬಾಗಿಲುಗಳನ್ನು ನೋಡುತ್ತ ನೋಡುತ್ತ ಅವನ ಮನಸ್ಸೇ ಬದಲಾಯಿತು. ತಂದೆಯ ಉದ್ಯೋಗ ಎಂಬ ಕಾಲಮ್ಮಿನಿಂದ ಸ್ಕಾಲರ್‌ಶಿಪ್ ಬಂತು, ಪುಸ್ತಕ ಬಂತು, ಕಾಲೇಜಿನ ಫೀಸು ಮಾಫಿಯಾಯಿತು, ಕೊನೆಗೆ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ. ಸೀಟೂ ಸಿಕ್ಕಿತು. ಹುಡುಗಿ ಓದುವುದರಲ್ಲಿ ಚುರುಕಾಗಿದ್ದಳು ಎಂಬುದು ಬೇರೆ ಮಾತು. ಮೂಗಯ್ಯ ಮಾತ್ರ ಎಲ್ಲವನ್ನೂ ಕಾಲಮ್ಮಿನ ಮಹಿಮೆಯೆಂದೇ ನಂಬಿದ. ಹನ್ನೆರಡು ವರ್ಷ ಒಂದೇ ಪೊಟರೆಗೆ ಕೈಹಾಕಿ ಪ್ರತಿ ಸಲವೂ ಏನಾದರೊಂದು ಸಿಕ್ಕಿದವನಿಗೆ ಅಲ್ಲಿ ಚೇಳೂ ಇರಬಹುದೆಂಬ ಅನುಮಾನ ಬರುವುದಾದರೂ ಹೇಗೆ?

ಎರಡು ಸಾವಿರದ ಎರಡನೆಯ ಇಸವಿ. ಸಂಘಮಿತ್ರ ಎಂ.ಎಸ್.ಡಬ್ಲ್ಯೂ. ಕೊನೆಯ ವರ್ಷದಲ್ಲಿದ್ದಳು. ಓದಲು ತಡವರಿಸುವ ಮಕ್ಕಳನ್ನು ಕೂರಿಸಿಕೊಂಡು ಕಥೆ ಓದಿಸುವ ಕೆಲಸಕ್ಕೆಂದು ಅವಳನ್ನು ಒಂದು ಶಾಲೆಗೆ ಹಾಕಿದ್ದರು. ಅಲ್ಲಿಂದ ಬಂದ ದಿನವೆಲ್ಲ ಅವಳ ಬಾಯಲ್ಲಿ ಅದೇ ಮಾತು. ಇಂಥ ಹುಡುಗ ಇವತ್ತು ಒಂದು ಪುಟ ಓದಿದ, ಇಂಥ ಹುಡುಗಿ ಒತ್ತಕ್ಷರ ಹಿಡಿದಳು. ಅವಳಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ ಕೆಲಸ.

ಆಗ ಸರಸ್ವತಿಪುರಂನ ಒಂದು ಸಂಸ್ಥೆಯ ಸುದ್ದಿ ಬಂತು. ಅದನ್ನು ನಡೆಸುತ್ತಿದ್ದವರು ಸದಾಶಿವಯ್ಯ ಎಂಬ ನಿವೃತ್ತ ಪ್ರೊಫೆಸರು. ಹಣೆಯಲ್ಲಿ ವಿಭೂತಿ, ತಗ್ಗಿದ ದನಿ, ಬಂದವರಿಗೆಲ್ಲ ಕಾಫಿ. ಮೈಸೂರಿನಿಂದ ಇಬ್ಬರನ್ನು ಹನ್ನೊಂದು ತಿಂಗಳು ಡೆನ್ಮಾರ್ಕ್ ದೇಶಕ್ಕೆ ಸ್ವಯಂಸೇವಕರಾಗಿ ಕಳಿಸುತ್ತಿದ್ದರು. ಅಲ್ಲಿ ಮೂರು ಕಡೆ ಜಾಗವಿತ್ತು: ಮಕ್ಕಳ ಗ್ರಂಥಾಲಯ, ವೃದ್ಧರ ಮನೆ, ಇನ್ನೊಂದು ಊರಿನವರೆಲ್ಲ ಸೇರಿ ಕಸ ವಿಂಗಡಿಸಿ ಹಳೆಯ ಸಾಮಾನನ್ನು ಹೊಸದಾಗಿಸುವ ಕೇಂದ್ರ. ಅಲ್ಲಿ ಯಾವ ಕೆಲಸ ಕಲಿತು ಬರುತ್ತಾರೋ ವಾಪಸು ಬಂದ ಮೇಲೆ ಇಲ್ಲಿ ಸಂಸ್ಥೆಯಲ್ಲಿ ಅದೇ ಕೆಲಸ, ಅದೂ ಕಾಯಂ. ಮಕ್ಕಳ ಓದುಮನೆಯೊಂದನ್ನು ತೆರೆಯುವ ಯೋಜನೆ ಇತ್ತು. ಅದೂ ಬೇರೆಲ್ಲೂ ಅಲ್ಲ, ಕೆಸರೆಯಲ್ಲೇ. ಸಂಘಮಿತ್ರ ಅರ್ಜಿ ತಂದಳು. ಮೂರರಲ್ಲಿ ಮೊದಲ ಆಯ್ಕೆಯಾಗಿ ಗ್ರಂಥಾಲಯದ ಮುಂದೆ ಒಂದು ಎಂದು ಬರೆದಳು. ಆ ಒಂದರ ಮೇಲೆ ಅವಳ ಇಡೀ ಮುಂದಿನ ಬಾಳು ನಿಂತಿತ್ತು.

ಅರ್ಜಿ ಕೊಡಲು ಇನ್ನೆರಡು ದಿನವಿದೆ ಎನ್ನುವಾಗ ಅವಳಿಗೆ ಸೀತಾಳೆ ಸಿಡುಬು ಎದ್ದಿತು. ಬಾಗಿಲಿಗೆ ಬೇವಿನಸೊಪ್ಪು ಕಟ್ಟಿ ಬೋರಮ್ಮ ಮಗಳನ್ನು ಒಳಗೆ ಮಲಗಿಸಿದಳು. ಕೊನೆಯ ದಿನ ಅರ್ಜಿಯನ್ನು ಮೂಗಯ್ಯನೇ ಹಿಡಿದು ಹೊರಟ. ಅವನಿಗಿಂತ ಯೋಗ್ಯ ವ್ಯಕ್ತಿ ಕೆಸರೆಯಲ್ಲಿ ಯಾರಿದ್ದರು? ಬಿಳಿ ಷರಟು ಹಾಕಿಕೊಂಡು, ಇರಲಿ ಎಂದು ಆ ವರ್ಷದ ಸರ್ಟಿಫಿಕೇಟನ್ನೂ ಜೇಬಿಗಿಟ್ಟುಕೊಂಡ.

ಸಂಸ್ಥೆಯ ಹೊರಕೋಣೆಯಲ್ಲಿ ಒಬ್ಬ ಹುಡುಗಿ ಕೂತು ತನ್ನ ಅರ್ಜಿಯನ್ನೇ ಮತ್ತೊಮ್ಮೆ ಓದಿಕೊಳ್ಳುತ್ತಿದ್ದಳು. ಬಿಂದುಶ್ರೀ ಅಂತ, ಸದಾಶಿವಯ್ಯನವರ ತಮ್ಮನ ಮಗಳು. ದೇವರಾಜ ಮೊಹಲ್ಲಾದಲ್ಲಿ ಅವರ ತಾತನ ಕಾಲದ ಕೊಬ್ಬರಿ ಮಂಡಿ ಇತ್ತು. ಅದರ ಮುಂದಿನ ರಸ್ತೆಯನ್ನು ಮೂಗಯ್ಯ ಮೂವತ್ತು ವರ್ಷದಿಂದ ಗುಡಿಸಿದ್ದ. ಆ ಹುಡುಗಿಗೆ ಅದು ಗೊತ್ತಿರಲಿಲ್ಲ. ಮೂಗಯ್ಯನೂ ಹೇಳಲಿಲ್ಲ. ಅವನು ರೂಢಿಯಂತೆ ಅರ್ಜಿಯನ್ನು ಕೊಡುವ ಮುಂಚೆ ಹಿಂದೆ ಮುಂದೆ ತಿರುಗಿಸಿ ನೋಡಿದ. ಇಂಗ್ಲಿಷು ಅರ್ಥವಾಗದಿದ್ದರೂ ಖಾಲಿ ಜಾಗ ಯಾವ ಭಾಷೆಯಲ್ಲಿದ್ದರೂ ಖಾಲಿಯೇ. ಎರಡನೆಯ ಪುಟದಲ್ಲಿ ಅಂಗೈಯಗಲದ ಜಾಗ ಬೆಳ್ಳಗೆ ಕೂತಿತ್ತು.

"ಏನವ್ವಾ, ಇಲ್ಲೇನು ಕೇಳವ್ರೆ?" ಎಂದು ಬಿಂದುಶ್ರೀಗೆ ತೋರಿಸಿದ.

"ನಿಮ್ಮ ಮನೆತನದ ಬಗ್ಗೆ, ಹಿನ್ನೆಲೆ ಬಗ್ಗೆ ಹೇಳೋದೇನಾದ್ರೂ ಇದ್ರೆ ಬರೀರಿ ಅಂತ ಅಂಕಲ್. ಬರೀಲೇಬೇಕು ಅಂತೇನಿಲ್ಲ. ನಾನೂ ಖಾಲಿ ಬಿಟ್ಟಿದ್ದೀನಿ. ನಮ್ಮನೆ ಬಗ್ಗೆ ಬರೆಯೋಕೆ ಏನಿದೆ?"

"ನಿಮ್ಗೆ ಇಲ್ದಿರ್ಬೋದು ಕಣವ್ವ. ನಮ್ಗೈತೆ. ಸುಸ್ತಾಗಿ ಮಗ ಮರ್ತ್‌ಬುಟ್ಟೈತೆ. ವಸಿ ನೀವೇ ಬರ್ಕೊಡಿ."

ಬಿಂದುಶ್ರೀ ಪೆನ್ನು ತೆಗೆದಳು. ಮೂಗಯ್ಯ ಹೇಳುತ್ತ ಹೋದ, ಅವಳು ಇಂಗ್ಲಿಷಿನಲ್ಲಿ ಇಳಿಸುತ್ತ ಹೋದಳು. ತನ್ನ ತಾತ, ಅಪ್ಪ ಮಲ ಹೊತ್ತದ್ದು, ತಾನು ಹದಿನೆಂಟಕ್ಕೆ ಪೊರಕೆ ಹಿಡಿದದ್ದು, ಮೂರು ತಲೆಮಾರಿನಿಂದ ತಮ್ಮದು ಕಸದ ವೃತ್ತಿ ಎಂಬುದು. ಇಷ್ಟು ನಿಜ. ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ಆದರೆ ಅರ್ಜಿಯ ಮುಂದೆ ಕೂತರೆ ಮೂಗಯ್ಯನಿಗೆ ಹುರುಪು ಹೆಚ್ಚು. "ನನ್ನ ಮಗ್ಳೂ ಸಣ್ಣ ವಯಸ್ಸಿಂದ ಇದ್ರಲ್ಲೇ ಬೆಳೆದವಳೆ ಅಂತ ಬರೀರಿ. ಕಸ ಅಂದ್ರೆ ಎಲ್ಲಾ ಗೊತ್ತು, ಯಾವ ಕಸಕ್ಕೂ ಅಸಹ್ಯ ಪಡಾಕಿಲ್ಲ ಅಂತ ಬರೀರಿ."

ಬಿಂದುಶ್ರೀಯ ಪೆನ್ನು ನಿಂತಿತು. "ಅಂಕಲ್, ಇದೆಲ್ಲ ಬೇಕಾ? ಸಂಘಮಿತ್ರ ಅವ್ರನ್ನ ಒಂದು ಮಾತು ಕೇಳಿದ್ರೆ..."

"ಬರೀರವ್ವ ನೀವು. ನಿಮ್ಗೆ ಇದೆಲ್ಲ ಗೊತ್ತಾಗಾಕಿಲ್ಲ" ಎಂದು ಮೂಗಯ್ಯ ನಕ್ಕ. ಸರ್ಟಿಫಿಕೇಟನ್ನೂ ಪಿನ್ನು ಮಾಡಿಸಿ, ಒಳಗೆ ಕೊಟ್ಟು, ಸದಾಶಿವಯ್ಯನವರ ಕಾಫಿಯನ್ನೂ ಕುಡಿದು ಬಂದ. ಮಗಳಿಗೆ, "ಕೊಟ್ ಬಂದೆ ಬುಡು, ಎಲ್ಲಾ ಸರಿಯಾಗೈತೆ" ಎಂದಷ್ಟೇ ಹೇಳಿದ.

ಜೂನ್ ಕೊನೆಗೆ ಪತ್ರ ಬಂತು. ಇಬ್ಬರೂ ಆಯ್ಕೆಯಾಗಿದ್ದರು. ಬಿಂದುಶ್ರೀಗೆ ಮಕ್ಕಳ ಗ್ರಂಥಾಲಯ. ಸಂಘಮಿತ್ರಳಿಗೆ ಕಸದ ಕೇಂದ್ರ.

ಪತ್ರವನ್ನು ಮಗಳು ಕನ್ನಡದಲ್ಲಿ ಓದಿ ಹೇಳಿದಾಗ ಮೂಗಯ್ಯ ಗೋಡೆಗೆ ಒರಗಿ ಕೂತ. ಆಮೇಲೆ ಎದ್ದು ಕೂಗಾಡಿದ. "ಅವ್ರ ಐಕ್ಳಿಗೆ ಪುಸ್ತಕ, ನಮ್ ಐಕ್ಳಿಗೆ ಕಸ! ಈಬೂತಿ ಬಳ್ಕಂಡು ಕಾಪಿ ಕೊಡೋವಾಗ್ಲೇ ನಂಗೆ ಅನುಮಾನ ಇತ್ತು." ಅನುಮಾನ ಇರಲಿಲ್ಲ, ಕಾಫಿ ಚೆನ್ನಾಗಿದೆ ಎಂದು ಇನ್ನೊಂದು ಲೋಟ ಕುಡಿದು ಬಂದಿದ್ದ. ಆದರೆ ಸಿಟ್ಟಿನಲ್ಲಿರುವವನಿಗೆ ಅದೆಲ್ಲ ನೆನಪಿಗೆ ಬರುವುದಿಲ್ಲ. ಕಾಲಮ್ಮಿನ ನೆನಪಂತೂ ಬರಲೇ ಇಲ್ಲ. ಅವನ ಅನುಭವದಲ್ಲಿ ಕಾಲಂ ಕೆಡುಕು ಮಾಡುವ ವಸ್ತುವೇ ಅಲ್ಲ.

ಹೋಗಬೇಡ ಎಂದ. ಸಂಘಮಿತ್ರ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಹೋಗ್ತೀನಪ್ಪ. ಇದನ್ನ ಬಿಟ್ರೆ ಕೆಲ್ಸ ಹುಡುಕ್ತಾ ಇನ್ನೆಷ್ಟು ವರ್ಷ ಕೂರ್ಲಿ? ಅಲ್ಲಿ ಹೋಗಿ ಕೇಳಿದ್ರೆ ಬದಲಾಯಿಸಿದ್ರೂ ಬದಲಾಯಿಸ್ಬೋದು" ಎಂದಳು. ಸೆಪ್ಟೆಂಬರಿನಲ್ಲಿ ಹೋದಳು. ಅಲ್ಲಿ ಅವರು ಬದಲಾಯಿಸಲಿಲ್ಲ.

ಆ ಹನ್ನೊಂದು ತಿಂಗಳೂ ಮೂಗಯ್ಯನ ಬಾಯಿಗೆ ಬಿಡುವಿರಲಿಲ್ಲ. ಅರ್ಜಿ ಹಿಡಿದು ಬಂದವರಿಗೂ ಅದೇ ಕಥೆ, ಶಿವಲಿಂಗಯ್ಯನ ಟೀ ಅಂಗಡಿಯಲ್ಲೂ ಅದೇ ಕಥೆ. ತಮ್ಮನ ಮಗಳಿಗೆ ಒಳ್ಳೆಯ ಜಾಗ ಕೊಡಿಸಲು ಸದಾಶಿವಯ್ಯ ನಮ್ಮ ಹುಡುಗಿಯ ಅರ್ಜಿಯನ್ನೇ ತಿದ್ದಿಸಿದ್ದಾನೆ ಎಂದು ಕೆಸರೆಗೆಲ್ಲ ಡಂಗುರ ಸಾರಿದ. ನಂಬುವುದು ಕಷ್ಟವಿರಲಿಲ್ಲ. ಅಂಥದ್ದನ್ನು ಕೆಸರೆಯ ಜನ ಕಂಡವರು, ಉಂಡವರು. ಬೀದಿಯ ಸಂಘದ ಅಧ್ಯಕ್ಷ ಜವರಪ್ಪ, "ಮಗು ಬರ್ಲಿ ಮೂಗಣ್ಣ, ಅವ್ರ ಬಾಗ್ಲಲ್ಲೇ ಕೂತ್ಕಂಡು ಕೇಳ್ಬುಡವ" ಎಂದು ತೊಡೆ ತಟ್ಟಿದ.

ಮಗಳ ಕಾಗದಗಳು ಬರುತ್ತಿದ್ದವು. ಇಲ್ಲಿ ಡಾಕ್ಟರು, ಮೇಷ್ಟ್ರುಗಳೆಲ್ಲ ಶನಿವಾರ ತಮ್ಮ ಮನೆಯ ಕಸವನ್ನು ತಾವೇ ತಂದು ಬೇರೆ ಬೇರೆ ಡಬ್ಬಿಗೆ ಹಾಕುತ್ತಾರೆ, ಹಳೆಯ ಪರದೆಯಲ್ಲಿ ಚೀಲ ಹೊಲಿಯುತ್ತೇವೆ, ಮುರಿದ ಬಾಗಿಲಿನಲ್ಲಿ ಬೆಂಚು ಮಾಡುತ್ತೇವೆ, ಚಳಿ ಜಾಸ್ತಿ, ಅಮ್ಮನಿಗೆ ಹೇಳು ಊಟಕ್ಕೆ ತೊಂದರೆಯಿಲ್ಲ. ತನ್ನ ಬಗ್ಗೆ ಇಷ್ಟೇ. ಜನವರಿಯಲ್ಲಿ ಒಂದು ಫೋಟೋ ಬಂತು. ಸಂಘಮಿತ್ರ ಕಿತ್ತಳೆ ಬಣ್ಣದ ಉದ್ದ ಕೋಟು ತೊಟ್ಟು, ಕಸದ ಮೂಟೆಗಳ ಮುಂದೆ, ಕೈಯಲ್ಲಿ ಆಳುದ್ದದ ಪೊರಕೆ ಹಿಡಿದು ನಿಂತಿದ್ದಳು. "ಮಗ ದಪ್ಪಗಾಗೈತೆ" ಎಂದು ಬೋರಮ್ಮ ಹಿಗ್ಗಿದಳು. ಮೂಗಯ್ಯ ಆ ಫೋಟೋವನ್ನು ಕಿತ್ತುಕೊಂಡು ಟ್ರಂಕಿನ ತಳಕ್ಕೆ ಹಾಕಿ, ಸೈಕಲ್ ಹತ್ತಿ ಸೀದಾ ಸರಸ್ವತಿಪುರಂಗೆ ಹೋದ.

ಸಂಸ್ಥೆಯಲ್ಲಿ ಏಳೆಂಟು ಜನ ಕೂತಿದ್ದರು. ಅವರೆದುರಿಗೇ ಬಾಯಿಗೆ ಬಂದಂತೆ ಬೈದ. ಸದಾಶಿವಯ್ಯ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಬೀರುವಿನಿಂದ ಒಂದು ಫೈಲು ತೆಗೆದರು.

"ಕೂತ್ಕೊಳ್ಳಿ ಮೂಗಯ್ಯನವರೇ. ಯಾರನ್ನ ಎಲ್ಲಿಗೆ ಹಾಕ್ಬೇಕು ಅಂತ ತೀರ್ಮಾನ ಮಾಡೋದು ಡೆನ್ಮಾರ್ಕಿನವರು, ನಾವಲ್ಲ. ಅವರು ಕಾರಣಾನೂ ಬರ್ದಿದ್ದಾರೆ, ಕೇಳಿ. 'ಈ ಅಭ್ಯರ್ಥಿಯ ಮೊದಲ ಆಯ್ಕೆ ಗ್ರಂಥಾಲಯವಾಗಿದ್ದರೂ, ಮೂರು ತಲೆಮಾರಿನ ಅನುಭವ, ಬಾಲ್ಯದಿಂದಲೇ ಇರುವ ತಿಳಿವಳಿಕೆ, ಯಾವ ಕಸಕ್ಕೂ ಅಸಹ್ಯಪಡದ ಸ್ವಭಾವ ಇವೆಲ್ಲ ನಮ್ಮ ಕೇಂದ್ರಕ್ಕೆ ಸಿಕ್ಕಿರುವ ಅಪರೂಪದ ಕೊಡುಗೆ.' ಇಗೋ ನಿಮ್ಮ ಅರ್ಜಿಯ ನಕಲು, ಇದು ಬಿಂದು ಬರವಣಿಗೆ. ನೀವೇ ಹೇಳಿ ಬರೆಸಿದ್ರಂತೆ. ಸರ್ಟಿಫಿಕೇಟೂ ಇದೆ ನೋಡಿ."

ಮೂಗಯ್ಯ ನೋಡಿದ. ಸೀಲು ಗುರುತು ಸಿಕ್ಕಿತು.

"ನೀವು ಓದಿದ್ರಲ್ಲ ಬುದ್ಧಿ, ಕಳ್ಸೋಕ್ ಮುಂಚೆ" ಎಂದ ಕೊನೆಗೆ. "ಒಂದ್ ಮಾತು ಏಳ್ಬಾರ್ದಿತ್ತಾ?"

"ಓದಿದೆ. ಬಹಳ ಚೆನ್ನಾಗಿದೆ ಅನ್ನಿಸ್ತು" ಎಂದರು ಸದಾಶಿವಯ್ಯ. ಅವರು ಸುಳ್ಳು ಹೇಳುವವರಲ್ಲ. ನಿಜವಾಗಿಯೂ ಅವರಿಗೆ ಚೆನ್ನಾಗಿದೆ ಅನ್ನಿಸಿತ್ತು. ಹುಡುಗಿ ಒಂದು ಎಂದು ಬರೆದದ್ದನ್ನು ಬಿಟ್ಟು ಮಿಕ್ಕದ್ದೆಲ್ಲ ಎಲ್ಲರಿಗೂ ಚೆನ್ನಾಗಿಯೇ ಕಂಡಿತ್ತು. ಇಲ್ಲಿಂದ ಡೆನ್ಮಾರ್ಕಿನವರೆಗೆ ಎಷ್ಟೊಂದು ಒಳ್ಳೆಯವರು ಸೇರಿ ಅವಳನ್ನು ಕಸಕ್ಕೆ ಕಳಿಸಿದ್ದರು.

ಮೂಗಯ್ಯನನ್ನು ಇಲ್ಲಿಯವರೆಗೆ ಕ್ಷಮಿಸಬಹುದು. ಗೊತ್ತಿಲ್ಲದೆ ಮಾಡಿದ್ದು. ಆದರೆ ಅವತ್ತು ಕೆಸರೆಗೆ ಹಿಂದಿರುಗಿದಾಗ ಟೀ ಅಂಗಡಿಯ ಮುಂದೆ ಜವರಪ್ಪ ಸೈಕಲ್ ನಿಲ್ಲಿಸಿ, "ಓಗಿದ್ಯಂತಲ್ಲ, ಏನಂದ?" ಎಂದು ಕೇಳಿದ. ಮೂಗಯ್ಯ ನಿಜ ಹೇಳಲು ಬಾಯಿ ತೆರೆದ. ಅರ್ಜಿಯ ವಿಷಯದಲ್ಲಿ ತನ್ನನ್ನು ದೊಡ್ಡವನೆಂದು ನಂಬಿದ ಬೀದಿ ಅದು. ಅರ್ಜಿ ಬರೆಸಿ ಸ್ವಂತ ಮಗಳ ಬಾಳನ್ನೇ ಕೆಡಿಸಿದೆ ಎಂದು ಅಲ್ಲಿ ನಿಂತು ಹೇಗೆ ಹೇಳುವುದು? "ಏನಂತಾನೆ, ಕಳ್ಳ ತಾನೆ, ಫೈಲು ತೋರಿಸ್ತಾನೆ" ಎಂದುಬಿಟ್ಟ. ಅಲ್ಲಿಂದ ಮುಂದಿನದು ಗೊತ್ತಿದ್ದೂ ಮಾಡಿದ್ದು.

ಆಗಸ್ಟಿನಲ್ಲಿ ಸಂಘಮಿತ್ರ ಬಂದಳು. ಅಂಗೈ ಗಟ್ಟಿಯಾಗಿತ್ತು, ಎಡಗೈಯ ಹೆಬ್ಬೆರಳಲ್ಲಿ ಗಾಜು ಕುಯ್ದ ಗಾಯದ ಗುರುತು. ಬಂದ ಎರಡನೆಯ ವಾರ ಸಂಸ್ಥೆಯಿಂದ ಕಾಗದ ಬಂತು. ಕೆಸರೆಯಲ್ಲಿ ಎರಡು ಕೆಲಸ ಶುರುವಾಗುತ್ತಿತ್ತು. ಮಕ್ಕಳ ಓದುಮನೆಗೆ ಬಿಂದುಶ್ರೀ. ಕಸ ವಿಂಗಡಿಸುವ ಷೆಡ್ಡಿಗೆ ಸಂಘಮಿತ್ರ. ಷೆಡ್ಡಿಗೆ ಪರದೇಶದಿಂದ ಹುಡುಗ ಹುಡುಗಿಯರು ಸೇವೆಗೆ ಬರುತ್ತಾರೆ, ಅವರಿಗೆ ಕಲಿಸಬೇಕು. ಸೋಮವಾರ ಬಂದು ಸಹಿ ಹಾಕಿ ಎಂದಿತ್ತು.

ಸುದ್ದಿ ಬೀದಿಗೆ ಮುಟ್ಟಿದ್ದೇ ತಡ, ಜವರಪ್ಪ ಕಾಲಿಗೆ ಚಕ್ರ ಕಟ್ಟಿಕೊಂಡ. ಭಾನುವಾರ ಬೆಳಗ್ಗೆ ನಲವತ್ತು ಜನ, ಒಂದು ಬ್ಯಾನರು, ಸರಸ್ವತಿಪುರಂನಲ್ಲಿ ಸದಾಶಿವಯ್ಯನವರ ಗೇಟಿನ ಮುಂದೆ ಧರಣಿ. ಮುಂದೆ ಕೂರಬೇಕಾದವನು ಮೂಗಯ್ಯ.

ಶನಿವಾರ ಸಂಜೆ ಮೂಗಯ್ಯ ಕೆಲಸವಿಲ್ಲದಿದ್ದರೂ ಹಿತ್ತಲಿಗೂ ಜಗುಲಿಗೂ ಓಡಾಡಿದ. ಬೋರಮ್ಮ ನೀರು ಹಿಡಿಯಲು ನಲ್ಲಿಯ ಹತ್ತಿರ ಹೋಗಿದ್ದಳು. ಸಂಘಮಿತ್ರ ಹೊಸ್ತಿಲ ಬಳಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಅವಳ ಬೆರಳು ಕಾಯನ್ನು ಒಂದೇ ಸಲಕ್ಕೆ ಸೀಳಿ ಕಾಳನ್ನು ಒಂದು ಕಡೆ, ಸಿಪ್ಪೆಯನ್ನು ಒಂದು ಕಡೆ, ಹುಳುಕನ್ನು ಇನ್ನೊಂದು ಕಡೆ ಹಾಕುತ್ತಿತ್ತು. ಮೂಗಯ್ಯನಿಗೆ ಅದನ್ನು ನೋಡಲಾಗಲಿಲ್ಲ.

"ಮಗ" ಎಂದ. "ಆ ಅರ್ಜಿ... ಸದಾಶಿವಯ್ಯ ತಿದ್ದಿಲ್ಲ ಕಣವ್ವ. ಖಾಲಿ ಇತ್ತು ಅಂತ ನಾನೇ ಆ ಹುಡ್ಗಿ ಕೈಲಿ..."

"ಗೊತ್ತಪ್ಪ" ಎಂದಳು ಸಂಘಮಿತ್ರ. ಕೈ ನಿಲ್ಲಲಿಲ್ಲ.

"ಯಾವಾಗ್ಲಿಂದ?"

"ಮೊದಲ್ನೇ ದಿನದಿಂದ. ಹೋದ ದಿವಸ ಎಲ್ಲರನ್ನೂ ಸೇರಿಸಿ ಸ್ವಾಗತ ಮಾಡಿದ್ರು. ನನ್ನ ಅರ್ಜೀನ ಗಟ್ಟಿಯಾಗಿ ಓದಿದ್ರು. ನಮ್ಮ ತಾತನ್ನ, ನಿನ್ನನ್ನ, ಎಲ್ಲಾನೂ ಓದಿದ್ರು. ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಆಮೇಲೆ ಕಾಗದ ಕೈಗೆ ಕೊಟ್ರು. ಪಕ್ಕದಲ್ಲೇ ಕೂತಿದ್ದ ಬಿಂದುಶ್ರೀ ಅಕ್ಷರ ನಂಗೆ ಗೊತ್ತಾಗಲ್ವಾ? ವಿಮಾನದಲ್ಲಿ ಅವ್ಳು ಫಾರಂ ತುಂಬ್ಸೋದನ್ನ ನೋಡಿದ್ದೆ. ಕೇಳ್ದೆ. ಬೇಡ ಅಂದೆ ಅಂದ್ಲು, ನೀನು ಕೇಳ್ಲಿಲ್ಲ ಅಂದ್ಲು."

ಮೂಗಯ್ಯ ಹೊಸ್ತಿಲ ಈಚೆ ನೆಲದ ಮೇಲೆ ಕೂತ.

"ಮರೆತು ಖಾಲಿ ಬಿಟ್ಟಿರ್ಲಿಲ್ಲಪ್ಪ. ಐದ್ನೇ ಕ್ಲಾಸಿಂದ ಎಲ್ಲಾ ಅರ್ಜೀಲೂ ಅದನ್ನ ತುಂಬಿಸ್ಕೊಂಡೇ ಬಂದಿದ್ದೆ. ಹುಟ್ಟಿದ ಮೇಲೆ ಮೊದಲ್ನೇ ಸಲ ಬಿಟ್ರೂ ನಡೆಯುತ್ತೆ ಅನ್ನೋ ಕಾಲಂ ಸಿಕ್ಕಿತ್ತು. ಬೇಕು ಅಂತಾನೇ ಬಿಟ್ಟಿದ್ದೆ."

"ನಂಗೇನ್ ಗೊತ್ತವ್ವ..."

"ಅಲ್ಲಿ ಮೊದಲ ತಿಂಗಳೆಲ್ಲ ಎಲ್ರೂ ನನ್ನನ್ನೇ ಕೇಳೋರು. ಇದು ಯಾವ ಪ್ಲಾಸ್ಟಿಕ್ಕು, ಇದನ್ನೇನು ಮಾಡೋದು, ನಿಮ್ಮಲ್ಲಿ ಹೇಗೆ ಮಾಡ್ತೀರಿ. ನಂಗೇನು ಗೊತ್ತು? ನೀನು ಒಂದಿನ ಪೊರಕೆ ಮುಟ್ಟಕ್ಕೆ ಬಿಟ್ಟಿದ್ಯಾ? ಗೊತ್ತಿಲ್ಲ ಅಂದ್ರೆ ನಾಚ್ಕೋತಾಳೆ ಅಂತ ಅಂದ್ಕೊಂಡ್ರು. ಆಮೇಲೆ ಸೋಮಾರಿ ಅಂದ್ಕೊಂಡ್ರು. ಕೊಳೆತ ಚೀಲ ಬಿಚ್ಚಿ ಮೂರು ಸಲ ವಾಂತಿ ಮಾಡ್ಕೊಂಡೆ. ಇವ್ಳು ಸುಳ್ಳು ಬರ್ದು ಬಂದವ್ಳು ಅಂತ ಒಬ್ಬಳು ಮುಖಕ್ಕೇ ಹೇಳಿದ್ಲು. ನಮ್ಮಪ್ಪ ಸುಳ್ಳ ಅಂತ ಹೇಳ್ಲಾ? ಹೇಳ್ಲಿಲ್ಲ. ಕೂತು ಕಲ್ತೆ."

ಅವಳು ಮೊರವನ್ನು ಪಕ್ಕಕ್ಕೆ ಸರಿಸಿ ಮೊದಲ ಸಲ ಅಪ್ಪನ ಮುಖ ನೋಡಿದಳು.

"ನೀನು ಬರೆಸಿದ್ದನ್ನ ನಿಜ ಮಾಡಕ್ಕೆ ನಂಗೆ ಹನ್ನೊಂದು ತಿಂಗಳು ಹಿಡೀತು. ಈಗ ನಿಜ ಆಗಿದೆ. ಈಗ ನಂಗೆ ಯಾವ ಕಸಾನೂ ಅಸಹ್ಯ ಇಲ್ಲ."

ಮೂಗಯ್ಯ ಅತ್ತ. ಮುಚ್ಚುಮರೆಯಿಲ್ಲದೆ, ಮೂಗು ಸೀಟುತ್ತ ಅತ್ತ. "ಬ್ಯಾಡ ಕಣವ್ವ, ಆ ಕೆಲ್ಸಕ್ಕೆ ಓಗ್ಬ್ಯಾಡ. ಬ್ಯಾರೆ ಏನಾದ್ರೂ ನೋಡವ."

"ಬೇರೆ ಏನು? ಕೈಲಿರೋ ಅನುಭವದ ಕಾಗದ ಅದೊಂದೇ. ಮಕ್ಕಳಿಗೆ ಓದ್ಸೋ ಕಾಗದ ಬಿಂದುಶ್ರೀ ಹತ್ರ ಇದೆ. ಸೋಮವಾರ ಹೋಗಿ ಸಹಿ ಹಾಕ್ತೀನಿ." ಅವಳ ದನಿ ಅಲ್ಲಿಯವರೆಗೂ ಗಟ್ಟಿಯಾಗಿತ್ತು, ಈಗ ಸ್ವಲ್ಪ ಒಡೆಯಿತು. "ನಾನು ಬಂದು ಹದಿನೇಳು ದಿನ ಆಯ್ತಪ್ಪ. ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾಯ್ತಾ ಇದ್ದೆ. ಹೋಗ್ಲಿ ಬಿಡು. ನಂಗೆ ಹೇಳಿದ್ಯಲ್ಲ. ನಾಳೆ ಬೆಳಿಗ್ಗೆ ಜವರಪ್ಪಣ್ಣಂಗೂ ಅಲ್ಲಿ ಸೇರೋರಿಗೂ ಇದೇ ಮಾತು ಹೇಳ್ಬಿಡು. ಬೇರೇನೂ ಬೇಡ. ನಾಳಿದ್ದಿಂದ ನಾನು ಇದೇ ಬೀದೀಲಿ ಮನೆಮನೆ ಬಾಗ್ಲಿಗೆ ಹೋಗಿ ಕಸ ಬೇರೆ ಮಾಡಿ ಅಂತ ಕೇಳ್ಬೇಕು. ಅವರು ನನ್ನನ್ನ ನಂಬಬೇಕು."

"ಏಳ್ತೀನಿ" ಎಂದ ಮೂಗಯ್ಯ. ಬುದ್ಧನ ಪಟದ ಕಡೆ ಕೈ ತೋರಿಸಿ ಹೇಳಿದ. ಆ ಗಳಿಗೆಯಲ್ಲಿ ಹೇಳಬೇಕೆಂದೇ ಇತ್ತು ಅವನ ಮನಸ್ಸಿನಲ್ಲಿ.

ಭಾನುವಾರ ಬೆಳಗ್ಗೆ ಎಂಟಕ್ಕೆ ಶಿವಲಿಂಗಯ್ಯನ ಅಂಗಡಿಯ ಮುಂದೆ ಜನ ಸೇರಿತ್ತು. ಬ್ಯಾನರನ್ನು ಎರಡು ಗಳಕ್ಕೆ ಕಟ್ಟಿ ನಿಲ್ಲಿಸಿದ್ದರು. ಅವನು ಅರ್ಜಿ ತುಂಬಿಸಿಕೊಟ್ಟ ವಿಧವೆಯರಿದ್ದರು, ಅವನು ಹಾಸ್ಟೆಲಿಗೆ ಸೇರಿಸಿದ ಹುಡುಗರಿದ್ದರು. ಮೂಗಯ್ಯ ಬಿಳಿ ಷರಟು ಹಾಕಿಕೊಂಡು ಬಂದ. ಎಲ್ಲರೂ ದಾರಿ ಬಿಟ್ಟರು. ಯಾರೋ ಸ್ಟೂಲು ಸರಿಸಿದರು, ಯಾರೋ ಟೀ ಕೊಟ್ಟರು.

"ಒರಡಾನ ಮೂಗಣ್ಣ?" ಎಂದ ಜವರಪ್ಪ.

"ಬ್ಯಾಡ ಕಣ ಜವರ. ಧರಣಿ ಬ್ಯಾಡ."

"ಯಾಕೆ?"

ಮೂಗಯ್ಯ ಸುತ್ತ ನೋಡಿದ. ನಲವತ್ತು ಮುಖ ಅವನನ್ನೇ ನೋಡುತ್ತಿತ್ತು, ಇಷ್ಟು ವರ್ಷದಿಂದ ನೋಡುತ್ತಿದ್ದ ಅದೇ ಮರ್ಯಾದೆಯಿಂದ. ಟೀ ಲೋಟ ಕೈಯಲ್ಲಿ ಬಿಸಿಯಾಗಿತ್ತು. ಅವನು ಒಂದು ಗುಟುಕು ಕುಡಿದ.

"ಅವ್ಳೇ ಬ್ಯಾಡ ಅಂದ್ಲು. ಆ ಕೆಲ್ಸಕ್ಕೇ ಸೇರ್ತಾಳಂತೆ" ಎಂದ.

ಜವರಪ್ಪ ಬ್ಯಾನರಿನ ಗಳವನ್ನು ಕಿತ್ತು ನೆಲಕ್ಕೆ ಎಸೆದ. "ಗೊತ್ತಾಯ್ತು ಬುಡು. ಸದಾಶಿವಯ್ಯ ಬುಟ್ಟಿಗೆ ಆಕ್ಕಂಡವ್ನೆ. ನಾವು ಇವ್ಳಿಗೋಸ್ಕರ ಬಡ್ಕಂಡ್ರೆ ಇವ್ಳು ಅವ್ರ ಜೊತೆಗೇ ಸೇರ್ಕಂಡ್ಲು. ಪರದೇಶ ನೋಡ್ಕಂಡ್ ಬಂದೋರ್ಗೆ ನಮ್ಮೋರು ಯಾಕ್ ಬೇಕು?" ಹಿಂದೆ ನಿಂತಿದ್ದ ಹೆಂಗಸರೂ ಏನೇನೋ ಅಂದರು. ಅವಳು ಬಾಗಿಲಿಗೆ ಬರಲಿ, ನೋಡಿಕೊಳ್ಳುತ್ತೇವೆ ಎಂದರು.

ಒಬ್ಬೊಬ್ಬರೇ ಎದ್ದು ಹೋದರು. ಜವರಪ್ಪ ಹೋಗುವ ಮುಂಚೆ ಮೂಗಯ್ಯನ ಹೆಗಲ ಮೇಲೆ ಕೈಯಿಟ್ಟ. ಅವನಿಗೆ ನಿಜವಾಗಿಯೂ ಮರುಕವಿತ್ತು.

"ನೀನೇನ್ ಮಾಡ್ತೀಯ ಮೂಗಣ್ಣ. ನೀನಂತೂ ಮಗಳ್ಗೆ ಒಳ್ಳೇದೇ ಮಾಡ್ದೆ. ಅವ್ಳೇ ಕೆಟ್ಟೋದ್ಲು."

"ಹೂಂ" ಎಂದ ಮೂಗಯ್ಯ.